ಸಂಜೆಯ ಕರೆಂಟು ಸರಿಸುವ ಖರ್ಚು ಯಾರ ತಲೆಯ ಮೇಲೆ?

ಕೊಪ್ಪಳದಿಂದ ಯಲಬುರ್ಗಾ, ಕುಷ್ಟಗಿ ಕಡೆ ಹೊರಟರೆ ಎರೆ ಹೊಲಗಳ ನಡುವೆ ಗಾಳಿಯಂತ್ರಗಳು ಸಾಲು ಹಿಡಿದು ನಿಂತಿರುವುದು ಕಾಣುತ್ತದೆ. ಮುಂಗಾರಿನ ಗಾಳಿ ಬೀಸತೊಡಗಿದರೆ ಅವು ಹಗಲುರಾತ್ರಿ ತಿರುಗುತ್ತವೆ. ಫೆಬ್ರುವರಿ, ಮಾರ್ಚ್ ಬಂತೆಂದರೆ ಎಷ್ಟೋ ಹೊತ್ತು ಸುಮ್ಮನೆ ನಿಲ್ಲುತ್ತವೆ. ಕೊಪ್ಪಳ ಪವನ ವಿದ್ಯುತ್ ವಲಯದಿಂದ 2,500 ಮೆಗಾವಾಟ್ ಹೊರಗೆ ಸಾಗಿಸಲೆಂದೇ ದೊಡ್ಡ ವಿದ್ಯುತ್ ಮಾರ್ಗದ ಯೋಜನೆ ರೂಪುಗೊಂಡಿತು. ದಕ್ಷಿಣಕ್ಕೆ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಅದು ಬಿಸಿಲಿದ್ದಷ್ಟು ಹೊತ್ತು ಸುರಿದು ಕೊಟ್ಟು, ಸೂರ್ಯ ಮುಳುಗುತ್ತಲೇ ಕೈಯೆತ್ತುತ್ತದೆ. ಸರಿಯಾಗಿ ಆ ಹೊತ್ತಿಗೇ ಗಂಗಾವತಿಯ ಓಣಿಗಳಲ್ಲಿ ದೀಪ, ಟಿವಿ, ಕೂಲರ್ ಒಟ್ಟಿಗೆ ಶುರುವಾಗುತ್ತವೆ. ಸಂಜೆ ಆರರಿಂದ ಹತ್ತರವರೆಗಿನ ಈ ನಾಲ್ಕು ಗಂಟೆಯೇ ವಿದ್ಯುತ್ ಕಂಪನಿಗಳಿಗೆ ತಲೆನೋವು.

ಇದಕ್ಕೆ ಇರುವ ಮದ್ದುಗಳಲ್ಲಿ ಒಂದು, ಬಳಕೆದಾರರೇ ತಮ್ಮ ಬಳಕೆಯ ಹೊತ್ತು ಬದಲಿಸುವುದು. ಕರೆಂಟು ಹೇರಳವಾಗಿರುವಾಗ ಮೋಟರ್ ಹಾಕಿ, ಬಟ್ಟೆ ಒಗೆಯಿರಿ, ಇಸ್ತ್ರಿ ಮಾಡಿ. ಅಭಾವವಿರುವಾಗ ಕೈ ಬಿಗಿಹಿಡಿಯಿರಿ ಎಂಬ ಏರ್ಪಾಟು. ತಜ್ಞರು ಇದನ್ನು ಡಿಮಾಂಡ್ ರೆಸ್ಪಾನ್ಸ್ ಎನ್ನುತ್ತಾರೆ. ಇಲ್ಲಿ ಬೇಡಿಕೆ ಹೊಂದಾಣಿಕೆ ಎಂದು ಕರೆಯೋಣ. ಇದನ್ನು ಅಳೆಯಲು ಗಂಟೆಗಂಟೆಗೆ ಲೆಕ್ಕ ಬರೆದಿಡುವ ಸ್ಮಾರ್ಟ್ ಮೀಟರ್ ಬೇಕು, ಒಪ್ಪಿಸಲು ಹೊತ್ತಿಗೊಂದು ದರ ಬೇಕು. ಕೇಂದ್ರ ಇಂಧನ ಸಚಿವಾಲಯ 2023ರ ಜೂನ್‌ನಲ್ಲಿ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ತಂದು ಇದಕ್ಕೆ ಚೌಕಟ್ಟು ಹಾಕಿತು. ಸೌರ ವಿದ್ಯುತ್ತಿನ ವೇಳೆಯ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20ರಷ್ಟು ಕಡಿಮೆ ಇರಬೇಕು. ಒತ್ತಡದ ವೇಳೆಯ ದರ ವಾಣಿಜ್ಯ, ಕೈಗಾರಿಕಾ ಬಳಕೆದಾರರಿಗೆ ಕನಿಷ್ಠ ಶೇ 20, ಉಳಿದವರಿಗೆ ಕನಿಷ್ಠ ಶೇ 10ರಷ್ಟು ಹೆಚ್ಚಿರಬೇಕು. ಕೃಷಿಯನ್ನು ಬಿಟ್ಟು ಎಲ್ಲ ಬಳಕೆದಾರರಿಗೂ 2025ರ ಏಪ್ರಿಲ್ 1ರೊಳಗೆ ಇದು ಬರಬೇಕೆಂದು ಆ ನಿಯಮ ಹೇಳಿತು.

ಈ ಹೊಂದಾಣಿಕೆಯಿಂದ ವಿದ್ಯುತ್ ಜಾಲಕ್ಕೆ ಸಿಗುವ ಲಾಭದ ಬಗ್ಗೆ ಬರೆದದ್ದಕ್ಕೆ ಲೆಕ್ಕವಿಲ್ಲ. ಮನೆಯೊಂದಕ್ಕೆ ತಗಲುವ ಖರ್ಚಿನ ಬಗ್ಗೆ ಬರೆದದ್ದು ಕಡಿಮೆ. ಬರೆದಾಗಲೂ ಮೀಟರ್‌ನ ಬೆಲೆ, ಸಂಪರ್ಕ ಜಾಲದ ಬೆಲೆ, ಕಂಪ್ಯೂಟರ್ ವ್ಯವಸ್ಥೆಯ ಬೆಲೆಗೆ ಲೆಕ್ಕ ಮುಗಿಯುತ್ತದೆ. ಮನೆಯವರ ಸಮಯ, ನಿದ್ದೆ, ಸೆಖೆ, ಜಗಳ ಇವು ಯಾವ ಕೋಷ್ಟಕದಲ್ಲೂ ಬರುವುದಿಲ್ಲ. ಕೊಪ್ಪಳ ಜಿಲ್ಲೆಯಂಥ ಕಡೆ ಈ ಎರಡನೇ ಬಗೆಯ ಖರ್ಚೇ ದೊಡ್ಡದು ಎಂಬುದು ನನ್ನ ವಾದ.

ಮೊದಲು ರೂಪಾಯಿಯ ಲೆಕ್ಕ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025-26ಕ್ಕೆ ಗೃಹ ಬಳಕೆಗೆ ನಿಗದಿ ಮಾಡಿದ ದರ ಯೂನಿಟ್‌ಗೆ 5.80 ರೂಪಾಯಿ. ಕೇಂದ್ರದ ನಿಯಮದ ಕನಿಷ್ಠ ಪ್ರಮಾಣವನ್ನು ಇದಕ್ಕೆ ಹಚ್ಚಿದರೆ ಹಗಲಿನ ಸೌರ ವೇಳೆಯಲ್ಲಿ 4.64, ಸಂಜೆಯ ಒತ್ತಡದ ವೇಳೆಯಲ್ಲಿ 6.38 ಆಗುತ್ತದೆ. ವ್ಯತ್ಯಾಸ 1.74 ರೂಪಾಯಿ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಒಂದು ಎಚ್‌ಪಿ ಮೋಟರ್ ದಿನಕ್ಕೆ ಅರ್ಧ ಗಂಟೆ ಓಡಿದರೆ ಸುಮಾರು ಅರ್ಧ ಯೂನಿಟ್, ತಿಂಗಳಿಗೆ 15 ಯೂನಿಟ್. ವಾಷಿಂಗ್ ಮಷಿನ್, ಇಸ್ತ್ರಿ ಸೇರಿಸಿ ಇನ್ನೊಂದು 10 ಯೂನಿಟ್ ಎಂದುಕೊಳ್ಳೋಣ. ಈ 25 ಯೂನಿಟ್ಟನ್ನೂ ಸಂಜೆಯಿಂದ ಮಧ್ಯಾಹ್ನಕ್ಕೆ ಒಂದು ದಿನವೂ ತಪ್ಪದೆ ಸರಿಸಿದ ಮನೆಗೆ ತಿಂಗಳಿಗೆ ಉಳಿಯುವುದು 43 ರೂಪಾಯಿ ಚಿಲ್ಲರೆ. ವಾಷಿಂಗ್ ಮಷಿನ್ ಇಲ್ಲದ ಮನೆಗೆ 26 ರೂಪಾಯಿ.

ಇನ್ನು ಮೀಟರ್. ಬೆಂಗಳೂರಿನ ಬೆಸ್ಕಾಂ 2025ರ ಫೆಬ್ರುವರಿಯಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ ಸಿಂಗಲ್ ಫೇಸ್ ಮೀಟರಿಗೆ ಗ್ರಾಹಕ ತೆರಬೇಕಾದ ಬೆಲೆ ಐದು ಸಾವಿರದ ಹತ್ತಿರ ಹೋಯಿತು. ವಿಧಾನಮಂಡಲದಲ್ಲಿ ಗದ್ದಲವಾಯಿತು, ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ತಿಂಗಳಿಗೆ 43 ರೂಪಾಯಿ ಉಳಿಸುವ ಮನೆಗೆ ಆ ಮೀಟರ್‌ನ ಬೆಲೆ ತೀರಲು ಒಂಬತ್ತೂವರೆ ವರ್ಷ ಬೇಕು. 26 ರೂಪಾಯಿ ಉಳಿಸುವ ಮನೆಗೆ ಹದಿನಾರು ವರ್ಷ. ಅಷ್ಟು ದಿನ ಆ ಮೀಟರೇ ಬಾಳುವುದು ಅನುಮಾನ.

ಮೀಟರ್ ಒಂದನ್ನು ಕಂಬದ ಪಕ್ಕದ ಗೋಡೆಗೆ ಜಡಿದರೆ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ದೇಶದಲ್ಲಿ ಮೊದಲ ಸುತ್ತಿಗೆ ಆಯ್ಕೆಯಾದ 14 ಸ್ಮಾರ್ಟ್ ಗ್ರಿಡ್ ಪ್ರಯೋಗಗಳಲ್ಲಿ ಮೈಸೂರಿನ ವಿ.ವಿ. ಮೊಹಲ್ಲಾ ಭಾಗದ್ದೂ ಒಂದು. ಅಲ್ಲಿಯ ವಿದ್ಯುತ್ ಕಂಪನಿ ಸೆಸ್ಕ್ ಅಡಿಯಲ್ಲಿ ಸುಮಾರು 22 ಸಾವಿರ ಗ್ರಾಹಕರನ್ನು ಒಳಗೊಂಡ ಆ ಯೋಜನೆಯ ಅಂದಾಜು ವೆಚ್ಚ 32 ಕೋಟಿ ರೂಪಾಯಿಗೂ ಹೆಚ್ಚು. ಒತ್ತಡದ ವೇಳೆಯ ಬೇಡಿಕೆ ತಗ್ಗಿಸುವುದೂ ಅದರ ಉದ್ದೇಶಗಳಲ್ಲಿ ಸೇರಿತ್ತು. ಮೀಟರ್ ಜೊತೆಗೆ ಟಿಸಿಗಳ (ಟ್ರಾನ್ಸ್‌ಫಾರ್ಮರ್‌ಗಳ) ಮೇಲಿನ ನಿಗಾ, ಸಂಪರ್ಕ ಜಾಲ, ನಿಯಂತ್ರಣ ಕೇಂದ್ರ ಎಲ್ಲವೂ ಬೇಕಾದ್ದರಿಂದ ಗ್ರಾಹಕರಿಗೆ ತಲಾ ಹೆಚ್ಚುಕಡಿಮೆ 15 ಸಾವಿರ ರೂಪಾಯಿ ಬಿತ್ತು. ಮೈಸೂರಿನಂಥ ಒತ್ತೊತ್ತಾದ ಊರಿನ ಲೆಕ್ಕವಿದು. ಯಲಬುರ್ಗಾದ ಹಳ್ಳಿಗಳಲ್ಲಿ ಮನೆಗಳು ದೂರ ದೂರ, ಮೊಬೈಲ್ ಸಿಗ್ನಲ್ಲಿಗೆ ಮಾಳಿಗೆ ಹತ್ತಬೇಕಾದ ಊರುಗಳೂ ಇವೆ. ಅಲ್ಲಿ ಮೀಟರ್‌ನ ಮಾತು ಕಂಪನಿಗೆ ತಲುಪಿಸುವ ಖರ್ಚು ಮೈಸೂರಿಗಿಂತ ಕಡಿಮೆ ಆಗುವ ಹಾಗಿಲ್ಲ.

ಹೊರದೇಶಗಳ ಅನುಭವವನ್ನೂ ಇಲ್ಲೇ ನೋಡಿಬಿಡೋಣ. ಐರ್ಲೆಂಡ್ 2009-10ರಲ್ಲಿ ಸುಮಾರು ಐದು ಸಾವಿರ ಮನೆಗಳಲ್ಲಿ ಹೊತ್ತಿಗೊಂದು ದರವಿಟ್ಟು ನೋಡಿತು. ಒತ್ತಡದ ವೇಳೆಯ ಬಳಕೆ ಶೇ 8.8ರಷ್ಟು, ಒಟ್ಟು ಬಳಕೆ ಶೇ 2.5ರಷ್ಟು ಇಳಿಯಿತು. ಅದನ್ನು ಯಶಸ್ಸೆಂದೇ ಹೇಳಬೇಕು. ಆದರೆ ಅಲ್ಲಿಯ ಮನೆಯೊಂದು ವರ್ಷಕ್ಕೆ ನಾಲ್ಕು ಸಾವಿರ ಯೂನಿಟ್ ಮೀರಿ ಬಳಸುತ್ತದೆ. ಬ್ರಿಟನ್ 2022-23ರ ಚಳಿಗಾಲದಲ್ಲಿ ಬೇರೆ ದಾರಿ ಹಿಡಿದು, ದಂಡ ಹಾಕುವ ಬದಲು ಕಡಿಮೆ ಬಳಸಿದವರಿಗೆ ಹಣ ಕೊಟ್ಟಿತು. ಪರೀಕ್ಷೆಯ ಅವಧಿಗಳಲ್ಲಿ ಪೂರೈಕೆದಾರರಿಗೆ ಯೂನಿಟ್‌ಗೆ 3 ಪೌಂಡ್ ಖಾತರಿ ದರವಿತ್ತು. 16 ಲಕ್ಷ ಮನೆ ಮತ್ತು ವ್ಯಾಪಾರ ಸಂಸ್ಥೆಗಳು ಸೇರಿ ಸರಿಸಿದ್ದು 33 ಲಕ್ಷ ಯೂನಿಟ್. ಭಾಗಿಸಿ ನೋಡಿದರೆ ಇಡೀ ಚಳಿಗಾಲಕ್ಕೆ ತಲಾ ಎರಡು ಯೂನಿಟ್. ಇವೆರಡಕ್ಕಿಂತ ನಮಗೆ ಹತ್ತಿರದ ಪಾಠ ಜರ್ಮನಿಯದು. ಎಲ್ಲ ಮನೆಗೂ ಸ್ಮಾರ್ಟ್ ಮೀಟರ್ ಹಾಕುವುದು ಲಾಭವೋ ನಷ್ಟವೋ ಎಂದು ಆ ದೇಶ ಲೆಕ್ಕ ಹಾಕಿಸಿತು. ಸಣ್ಣ ಬಳಕೆದಾರರಿಗೆ ಖರ್ಚೇ ಹೆಚ್ಚು ಎಂದು 2013ರಲ್ಲಿ ವರದಿ ಬಂತು. 2016ರ ಕಾಯ್ದೆ ವರ್ಷಕ್ಕೆ 6,000 ಯೂನಿಟ್ ಮೀರಿ ಬಳಸುವವರಿಗಷ್ಟೇ ಅದನ್ನು ಕಡ್ಡಾಯ ಮಾಡಿತು, ಜೊತೆಗೆ ಮೀಟರ್ ಬಾಡಿಗೆಗೂ ಮಿತಿ ಕಟ್ಟಿತು. 6,000 ಯೂನಿಟ್ ಎಂದರೆ ತಿಂಗಳಿಗೆ 500. ನಮ್ಮ ಜಿಲ್ಲೆಯಲ್ಲಿ ತಿಂಗಳಿಗೆ 500 ಯೂನಿಟ್ ಸುಡುವ ಮನೆಗಳು ಓಣಿಗೊಂದು ಸಿಕ್ಕರೆ ಹೆಚ್ಚು. ಜರ್ಮನಿಯಂಥ ಶ್ರೀಮಂತ ದೇಶ ಲೆಕ್ಕ ಹಾಕಿ ಗೆರೆ ಎಳೆಯಿತೆಂದರೆ, ಕುಷ್ಟಗಿಯ ಎರಡು ಕೋಣೆಯ ಮನೆಗೆ ಅದೇ ಲೆಕ್ಕ ಹಾಕದೆ ಮೀಟರ್ ಬಿಗಿಯುವುದು ನ್ಯಾಯವಲ್ಲ.

ಈಗ ನಮ್ಮ ರಾಜ್ಯಕ್ಕೇ ವಿಶೇಷವಾದ ಮಾತಿಗೆ ಬರೋಣ. 2023ರ ಆಗಸ್ಟ್ 5ರಂದು ನಮ್ಮ ಭಾಗಕ್ಕೆ ವಿದ್ಯುತ್ ಪೂರೈಸುವ ಜೆಸ್ಕಾಂನ ಕೇಂದ್ರ ಕಚೇರಿ ಇರುವ ಕಲಬುರಗಿಯಲ್ಲೇ ಗೃಹಜ್ಯೋತಿ ಯೋಜನೆಗೆ ಚಾಲನೆ ಸಿಕ್ಕಿತು. ಆಗಿನ ನಿಯಮದಂತೆ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ ಬಿಲ್ ಮಾಫಿ. 200 ದಾಟಿದರೆ ಪೂರ್ತಿ ಬಿಲ್. ಬಡವರ ಮನೆಗೆ ಇದರಿಂದ ಆದ ನೆಮ್ಮದಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶೂನ್ಯ ಬಿಲ್ ಬರುವ ಮನೆಗೆ ಸಂಜೆಯ ಯೂನಿಟ್ಟೂ ಶೂನ್ಯ, ಮಧ್ಯಾಹ್ನದ ಯೂನಿಟ್ಟೂ ಶೂನ್ಯ. ಮೇಲೆ ಹಾಕಿದ 43 ರೂಪಾಯಿಯ ಲೆಕ್ಕ ಆ ಮನೆಯಲ್ಲಿ ಸೊನ್ನೆಯಾಗುತ್ತದೆ. ಹೊತ್ತಿಗೊಂದು ದರವಿಟ್ಟರೂ ಸಂಕೇತ ಮನೆಯೊಳಗೆ ಹೋಗುವುದೇ ಇಲ್ಲ. ಇಷ್ಟಾದರೂ ಗೃಹಜ್ಯೋತಿ ಜನರಿಗೆ ಮೀಟರ್ ನೋಡುವುದನ್ನು ಕಲಿಸಿದೆ. ತಿಂಗಳ ಕೊನೆಗೆ ಮಿತಿ ಮೀರೀತೆಂದು ಕೂಲರ್ ಆರಿಸುವ ಮನೆಗಳಿವೆ. ಅವರು ನೋಡುವುದು ತಿಂಗಳ ಮೊತ್ತವನ್ನು. ಜಾಲಕ್ಕೆ ಬೇಕಾದದ್ದು ಗಂಟೆಯ ಎಚ್ಚರ. ಇನ್ನೊಂದು ತೊಡಕೂ ಉಂಟು. ಹಳೆಯ ಸರಾಸರಿಯನ್ನು ಅಳತೆಗೋಲು ಮಾಡಿದರೆ ಹಿಂದೆ ಧಾರಾಳವಾಗಿ ಬಳಸಿದವನಿಗೆ ಹೆಚ್ಚು ಪಾಲು, ಹಿಂದಿನಿಂದಲೂ ಕೈಬಿಗಿ ಹಿಡಿದು ಬದುಕಿದವನಿಗೆ ಕಡಿಮೆ. ನಾಳೆ ಬ್ರಿಟನ್ ಮಾದರಿಯಲ್ಲಿ ಕಡಿಮೆ ಬಳಸಿದವರಿಗೆ ಹಣ ಕೊಡುತ್ತೇವೆಂದು ಹೊರಟರೂ, ಯಾವುದಕ್ಕಿಂತ ಕಡಿಮೆ ಎಂಬ ಪ್ರಶ್ನೆಗೆ ಇದೇ ತೊಡಕು ಎದುರಾಗುತ್ತದೆ.

ಬಿಲ್ ಕಟ್ಟುವ ಮನೆಗಳಲ್ಲೂ ಹೊಡೆತ ಒಂದೇ ಸಮ ಬೀಳುವುದಿಲ್ಲ. ಹಗಲು ಮನೆಯಲ್ಲಿ ಜನರಿದ್ದು ಫ್ಯಾನ್, ಟಿವಿ ಓಡುತ್ತಿದ್ದರೆ ಏನೂ ಬದಲಿಸದೆಯೇ ಸೌರ ವೇಳೆಯ ರಿಯಾಯಿತಿ ಸಿಗುತ್ತದೆ. ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿ ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುವ ಮನೆಯ ಕರೆಂಟೆಲ್ಲ ದುಬಾರಿ ವೇಳೆಯಲ್ಲೇ. ಗಂಗಾವತಿ ಸುತ್ತ ಭತ್ತದ ನಾಟಿ, ಕೊಯ್ಲಿನ ದಿನಗಳಲ್ಲಿ ಇಂಥ ಮನೆಗಳೇ ಹೆಚ್ಚು. ಸರಿಸಲು ಏನೂ ಇಲ್ಲದವರ ಮೇಲೆಯೇ ಹೆಚ್ಚಿನ ದರ ಬೀಳುತ್ತದೆ. ಗೃಹಜ್ಯೋತಿಯ ರಕ್ಷಣೆ ಇರುವವರೆಗೆ ಇದು ಕಾಣುವುದಿಲ್ಲ, ಅಷ್ಟೇ.

ನೀರಿನ ಮೋಟರನ್ನೇ ಹತ್ತಿರದಿಂದ ನೋಡಿ. ಸರಿಸಬಹುದಾದ ಲೋಡ್ ಎಂದು ಪುಸ್ತಕಗಳು ಮೊದಲು ಹೆಸರಿಸುವುದು ಇಂಥದ್ದನ್ನು. ಆದರೆ ನಮ್ಮ ಊರುಗಳಲ್ಲಿ ಮೋಟರ್ ಹಾಕುವ ಹೊತ್ತು ಮನೆಯವರ ಕೈಯಲ್ಲಿ ಎಲ್ಲಿದೆ? ನಳದ ನೀರು ದಿನ ಬಿಟ್ಟು ದಿನ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬರುವ ಓಣಿಗಳಿವೆ. ವಾಟರ್‌ಮನ್ ವಾಲ್ ತಿರುಗಿಸಿದಾಗ ನೀರು. ಅದು ನಸುಕಿನ ಐದಕ್ಕೂ ಬರಬಹುದು, ರಾತ್ರಿ ಒಂಬತ್ತಕ್ಕೂ ಬರಬಹುದು. ನೀರು ಬಂತೆಂಬ ಸುದ್ದಿ ಓಣಿಗೆ ಹಬ್ಬುತ್ತಲೇ ಎಲ್ಲ ಮನೆಯ ಮೋಟರ್‌ಗಳೂ ಒಟ್ಟಿಗೆ ಚಾಲೂ, ವೋಲ್ಟೇಜ್ ಇಳಿದು ದೀಪ ಮಂಕು. ಆ ಅರ್ಧ ತಾಸು ತಪ್ಪಿಸಿಕೊಂಡವರಿಗೆ ಮುಂದಿನ ಸರದಿಯವರೆಗೆ ಕೊಡವೇ ಗತಿ. ಈ ಹೊತ್ತಿನ ದರ ಯೂನಿಟ್‌ಗೆ ಆರು ರೂಪಾಯಿ ಇರಲಿ ಹದಿನಾರು ಇರಲಿ, ಮೋಟರ್ ಹಾಕಲೇಬೇಕು. ಹಾಕುವವರು ಬಹುತೇಕ ಹೆಂಗಸರು. ಸಂಪಿನ ಮುಚ್ಚಳ ತೆಗೆದು ನೋಡುವುದು, ಪೈಪು ಸರಿಮಾಡುವುದು, ಟ್ಯಾಂಕ್ ತುಂಬಿ ಚೆಲ್ಲುವ ಮೊದಲು ಓಡಿಬಂದು ಆರಿಸುವುದು, ನಡುವೆ ರೊಟ್ಟಿ ಬಡಿಯುವುದು. ಹೊಂದಾಣಿಕೆಯ ಹೊಸ ವೇಳಾಪಟ್ಟಿ ಬಂದರೆ ಅದನ್ನು ನೆನಪಿಟ್ಟು ಪಾಲಿಸುವ ಕೆಲಸವೂ ಅವರ ಹೆಗಲಿಗೇ. ತಾನೇ ಆರಿ ಹೊತ್ತುವ ಯಂತ್ರಗಳಿರುವ ದೇಶಗಳಲ್ಲಿ ಈ ದುಡಿಮೆಯನ್ನು ಯಂತ್ರ ಮಾಡುತ್ತದೆ, ಇಲ್ಲಿ ಅದು ಮನೆಯ ಹೆಣ್ಣಿನ ದಿನದಿಂದ ಕಿತ್ತುಕೊಂಡ ಸಮಯ.

ಕೂಲರ್‌ನ ಮಾತು ಇನ್ನೂ ನೇರ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಪಾದರಸ ನಲವತ್ತು ದಾಟುತ್ತದೆ. ಹಗಲೆಲ್ಲ ಕಾದ ಆರ್‌ಸಿಸಿ ಮಾಳಿಗೆ, ತಗಡಿನ ಸೂರು ರಾತ್ರಿ ಹತ್ತರವರೆಗೂ ಶಾಖ ಉಗುಳುತ್ತವೆ. ಹಸುಗೂಸಿರುವ, ಮುದುಕರಿರುವ ಮನೆಗೆ ಸಂಜೆ ಕೂಲರ್ ಆರಿಸಿ ಎನ್ನುವುದು ಆರೋಗ್ಯದ ಪ್ರಶ್ನೆ. ಅದಕ್ಕೆ ರೂಪಾಯಿ ಬೆಲೆ ಕಟ್ಟುವವರು ಮೊದಲು ಆ ಮಾಳಿಗೆಯ ಕೆಳಗೆ ಒಂದು ಸಂಜೆ ಕೂತು ನೋಡಬೇಕು.

ಬೇಡಿಕೆ ಹೊಂದಾಣಿಕೆ ಈ ಭಾಗಕ್ಕೆ ಹೊಸದೇನಲ್ಲ ಎಂಬುದನ್ನು ನಾವು ಮರೆಯಬಾರದು. ಸ್ಮಾರ್ಟ್ ಮೀಟರ್‌ನ ಹೆಸರು ಕೇಳುವ ಎಷ್ಟೋ ಮೊದಲಿನಿಂದ ರೈತರ ಮೇಲೆ ಅದನ್ನು ಹೇರಿಕೊಂಡೇ ಬಂದಿದ್ದೇವೆ. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ನೀರಾವರಿ ಪಂಪ್‌ಸೆಟ್‌ಗಳದ್ದು. 10 ಎಚ್‌ಪಿವರೆಗೆ ಉಚಿತ. ಆದರೆ ತ್ರೀ ಫೇಸ್ ಸಿಗುವುದು ಏಳು ತಾಸು, ಅದೂ ಸರದಿಯಲ್ಲಿ. ನಿರಂತರ ಜ್ಯೋತಿ ಯೋಜನೆ ಊರಿಗೆ ಕರೆಂಟು ಒಯ್ಯುವ ಮಾರ್ಗವನ್ನೂ (ಫೀಡರ್) ಹೊಲದ ಫೀಡರನ್ನೂ ಬೇರೆ ಮಾಡಿತು. ಊರಿಗೆ ದಿನವಿಡೀ ಬೆಳಕು ಸಿಕ್ಕಿತು, ಹೊಲದ ಲೋಡನ್ನು ಕಂಪನಿ ತನಗೆ ಬೇಕಾದ ಹೊತ್ತಿಗೆ ಎತ್ತಿ ಇಡುವಂತಾಯಿತು. ದರವಿಲ್ಲ, ಮೀಟರ್‌ನ ಸಂದೇಶವಿಲ್ಲ, ಒಪ್ಪಿಗೆಯ ಮಾತೂ ಇಲ್ಲ. ಸಬ್‌ಸ್ಟೇಷನ್ನಿನಲ್ಲಿ ಸ್ವಿಚ್ ಒತ್ತಿದರೆ ಮುಗಿಯಿತು.

ಅದರ ಖರ್ಚು ಯಾರು ಕೊಟ್ಟರು? ರಾತ್ರಿ ಪಾಳಿ ಬಂದಾಗ ಕುಷ್ಟಗಿಯ ದಾಳಿಂಬೆ ತೋಟದ ರೈತ ಹನ್ನೆರಡಕ್ಕೆ ಎದ್ದು ಬ್ಯಾಟರಿ ಹಿಡಿದು ಹೊಲಕ್ಕೆ ನಡೆದ. ಹಾವು ಚೇಳಿನ ಭಯ, ಒದ್ದೆ ಕೈಯಲ್ಲಿ ಸ್ಟಾರ್ಟರ್ ಪೆಟ್ಟಿಗೆ ಮುಟ್ಟುವ ಭಯ ಎರಡನ್ನೂ ಹೊತ್ತು. ಅದರಿಂದ ಪಾರಾಗಲು ಆಟೋ ಸ್ಟಾರ್ಟರ್ ಬಂತು. ತ್ರೀ ಫೇಸ್ ಬಂದ ಕ್ಷಣ ಮೋಟರ್ ತಾನೇ ಶುರು. ಈಗ ಒಂದು ಟಿಸಿಯ ಕೆಳಗಿನ ಎಲ್ಲ ಮೋಟರ್‌ಗಳೂ ಒಂದೇ ಗಳಿಗೆಯಲ್ಲಿ ಎಳೆಯತೊಡಗಿದವು. ಟಿಸಿ ಸುಟ್ಟಿತು. ಅದನ್ನು ಇಳಿಸಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿ ಬೇರೆಯದು ತರುವಷ್ಟರಲ್ಲಿ ಬೆಳೆ ಬಾಡಿತು. ಸುಟ್ಟ ಮೋಟರ್ ರಿವೈಂಡಿಂಗ್‌ಗೆ ಕೊಟ್ಟ ಹಣ ರೈತನ ಕಿಸೆಯಿಂದಲೇ ಹೋಯಿತು. ಉಚಿತ ವಿದ್ಯುತ್ತಿನ ಈ ಬಿಲ್ ಯಾವ ಸಬ್ಸಿಡಿ ಲೆಕ್ಕದಲ್ಲೂ ಇಲ್ಲ. ಬರಗಾಲದ 2023ರಲ್ಲಿ, ಅಕ್ಟೋಬರಿನ ಹೊತ್ತಿಗೆ ಅಭಾವ ಹೆಚ್ಚಿ ತ್ರೀ ಫೇಸ್ ಐದು ತಾಸಿಗೆ ಇಳಿದಾಗ ರೈತರು ಸಬ್‌ಸ್ಟೇಷನ್‌ಗಳ ಮುಂದೆ ಧರಣಿ ಕೂತರು. ಮತ್ತೆ ಏಳು ತಾಸಿಗೆ ಏರಿಸಲಾಯಿತು. ಹೊಂದಾಣಿಕೆಗೂ ಒಂದು ಮಿತಿ ಇದೆ ಎಂಬುದನ್ನು ಆ ಧರಣಿಗಳು ತೋರಿಸಿದವು.

ಇದೇ ಫೀಡರ್ ಬೇರ್ಪಡಿಕೆ ಒಳ್ಳೆಯದಕ್ಕೂ ಬಂದಿದೆ. ಸೌರ ವಿದ್ಯುತ್ ಬೆಳೆದಂತೆ ಪಂಪ್‌ಸೆಟ್‌ಗಳ ಸರದಿ ರಾತ್ರಿಯಿಂದ ಹಗಲಿಗೆ ಸರಿಯತೊಡಗಿತು. ಕೇಂದ್ರದ ಕುಸುಮ್ ಯೋಜನೆಯ ಒಂದು ಭಾಗ ಹೊಲದ ಫೀಡರ್‌ಗಳಿಗೇ ಸೌರ ಘಟಕ ಜೋಡಿಸುವುದು. ರೈತನ ನಿದ್ದೆಯೂ ಉಳಿಯುತ್ತದೆ, ಜಾಲದಲ್ಲಿ ಹಗಲಿನ ವಿದ್ಯುತ್ತೂ ಬಳಕೆಯಾಗುತ್ತದೆ. 2025ರ ಮಾರ್ಚ್‌ನಲ್ಲಿ ರಾಜ್ಯದ ಬೇಡಿಕೆ 18 ಸಾವಿರ ಮೆಗಾವಾಟ್ ದಾಟಿತು. ಅಷ್ಟು ದೊಡ್ಡ ಹೊರೆಯಲ್ಲಿ ಪಂಪ್‌ಸೆಟ್‌ಗಳ ಪಾಲನ್ನು ಬಿಸಿಲಿನ ಹೊತ್ತಿಗೆ ಸರಿಸುವುದರ ಮುಂದೆ ಮನೆಗಳ ಇಸ್ತ್ರಿ ಪೆಟ್ಟಿಗೆಯನ್ನು ಸರಿಸುವುದು ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಲಾಭದ ಹಂಚಿಕೆ. ಅಭಾವದ ಸಂಜೆ ಕಂಪನಿಗಳು ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಯೂನಿಟ್‌ಗೆ 10 ರೂಪಾಯಿವರೆಗೆ ಕೊಡಬೇಕಾಗುತ್ತದೆ. ಅದು ಅಲ್ಲಿಯ ಗರಿಷ್ಠ ಮಿತಿ. ಬಿಸಿಲಿನ ಹೊತ್ತಿನಲ್ಲಿ ದರ ಅದರ ಕಾಲು ಭಾಗಕ್ಕೂ ಇಳಿಯುವುದುಂಟು. ಅಂಥ ದಿನ ಒಂದು ಯೂನಿಟ್ಟನ್ನು ಸಂಜೆಯಿಂದ ಮಧ್ಯಾಹ್ನಕ್ಕೆ ಸರಿಸಿದರೆ ಕಂಪನಿಗೆ ಏಳೆಂಟು ರೂಪಾಯಿ ಉಳಿಯಬಹುದು, ಸರಿಸಿದ ಮನೆಗೆ ಸಿಗುವುದು 1.74. ಶೂನ್ಯ ಬಿಲ್‌ನ ಮನೆಗೆ ಅದೂ ಇಲ್ಲ. ಮೀಟರ್ ಕೊಂಡವರು ಯಾರು, ಎದ್ದು ಮೋಟರ್ ಹಾಕಿದವರು ಯಾರು ಎಂದು ಕೇಳಿದರೆ ಈ ಪಾಲು ಒಪ್ಪುವಂಥದ್ದಲ್ಲ. ಮನೆಗಳ ನೆರವು ಬೇಕಿದ್ದರೆ ಮೀಟರ್ ಕಂಪನಿಯ ಖರ್ಚಿನಲ್ಲಿ ಬರಲಿ, ಸೇರುವುದು ಬಿಡುವುದು ಮನೆಯವರ ಇಚ್ಛೆಗಿರಲಿ, ಸರಿಸಿದ ಯೂನಿಟ್‌ಗೆ ಗೃಹಜ್ಯೋತಿಯವರಿಗೂ ಸೇರಿ ನಗದು ಸಿಗಲಿ. ದಂಡದ ದರವನ್ನು ಎಸಿ, ಗೀಸರ್, ಎಲೆಕ್ಟ್ರಿಕ್ ಕಾರು ಇರುವ ದೊಡ್ಡ ಬಳಕೆದಾರರಿಂದ ಶುರುಮಾಡಲಿ. ಗಂಟೆಗಂಟೆಯ ಬಳಕೆಯ ದಾಖಲೆ ನೋಡಿದರೆ ಮನೆಯಲ್ಲಿ ಯಾವಾಗ ಜನರಿರುತ್ತಾರೆ, ಯಾವಾಗ ಬೀಗವಿರುತ್ತದೆ ಎಂಬುದೆಲ್ಲ ತಿಳಿಯುತ್ತದೆ. ಅದನ್ನು ಯಾರು ನೋಡಬಹುದು ಎಂಬ ನಿಯಮವೂ ಮೀಟರ್‌ಗಿಂತ ಮೊದಲು ಬರಬೇಕು.

ಅದಕ್ಕೂ ಮೊದಲು ಕೈಗೆಟುಕುವ ದೊಡ್ಡ ಲೋಡ್‌ಗಳಿವೆ. ಗಿಣಿಗೇರಾ ಸುತ್ತಲಿನ ಉಕ್ಕಿನ ಕಾರ್ಖಾನೆಗಳಂಥ ಹೈ ಟೆನ್ಷನ್, ಅಂದರೆ ಎಚ್‌ಟಿ ಬಳಕೆದಾರರಿಗೆ ಹೊತ್ತಿಗೊಂದು ದರ ಹೊಸದಲ್ಲ. ಸಂಜೆ ಯೂನಿಟ್‌ಗೆ ಒಂದು ರೂಪಾಯಿ ಹೆಚ್ಚು, ರಾತ್ರಿ ಹತ್ತರ ನಂತರ ಒಂದು ರೂಪಾಯಿ ಕಡಿಮೆ ಎಂಬ ಪದ್ಧತಿ ವರ್ಷಗಟ್ಟಲೆ ನಡೆದಿದೆ. ಗಂಗಾವತಿಯ ಅಕ್ಕಿ ಗಿರಣಿಗಳೂ ಸುಗ್ಗಿ ಬಿಟ್ಟ ದಿನಗಳಲ್ಲಿ ಪಾಳಿ ಬದಲಿಸಬಲ್ಲವು. ಹಗಲಿನ ರಿಯಾಯಿತಿ ಅವುಗಳಿಗೆ ನಿಜವಾದ ಆಮಿಷವಾಗುತ್ತದೆ.

ಎಲ್ಲಕ್ಕಿಂತ ಮಿಗಿಲಾದದ್ದು ನೀರು. ತುಂಗಭದ್ರೆಯಿಂದ ಊರಿನ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತುವ ಪಂಪುಗಳು, ಕುಷ್ಟಗಿ ಯಲಬುರ್ಗಾದ ಹಳ್ಳಿಗಳಿಗೆ ಕೃಷ್ಣೆಯ ನೀರು ತರುವ ಬಹುಗ್ರಾಮ ಯೋಜನೆಯ ಪಂಪುಗಳು, ಗ್ರಾಮ ಪಂಚಾಯಿತಿಯ ಕೊಳವೆಬಾವಿಗಳು ಎಲ್ಲವೂ ಸಾರ್ವಜನಿಕ ಸಂಸ್ಥೆಗಳ ಕೈಯಲ್ಲೇ ಇವೆ. ಇವುಗಳಿಗೆ ಬೇಕಾದದ್ದು ಟ್ಯಾಂಕಿನ ಗಾತ್ರ ಮತ್ತು ಒಂದು ವೇಳಾಪಟ್ಟಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರೊಳಗೆ ಎತ್ತಿ ತುಂಬಿಕೊಂಡು, ಓಣಿಗಳಿಗೆ ಗೊತ್ತುಮಾಡಿದ ಹೊತ್ತಿಗೆ ಹಗಲಲ್ಲೇ ಬಿಟ್ಟರೆ ಪಂಪೂ ಸೌರ ವೇಳೆಗೆ ಬಂತು, ಅದರ ಹಿಂದೆ ಸಾವಿರಾರು ಮನೆ ಮೋಟರ್‌ಗಳೂ ಬಂದವು. ಕೂಲಿಗೆ ಹೋಗುವವರ ಓಣಿಗೆ ಬಿಡುವ ಹೊತ್ತನ್ನು ಅವರನ್ನೇ ಕೇಳಿ ಗೊತ್ತುಮಾಡಬೇಕಾಗುತ್ತದೆ, ಅಷ್ಟು ತಾಳ್ಮೆ ನಗರಸಭೆಗೆ ಬೇಕು. ಮೋಟರ್ ಇರುವ ಮನೆಗಳು ಒಂದು ಪೈಸೆಯ ಹೊಸ ಉಪಕರಣ ಕೊಳ್ಳದೆ ಬೇಡಿಕೆ ಸರಿಸಿದಂತಾಗುತ್ತದೆ.

ದರ ಪರಿಷ್ಕರಣೆಗೆ ಜೆಸ್ಕಾಂ ಅರ್ಜಿ ಹಾಕಿದಾಗ ಆಯೋಗ ಸಾರ್ವಜನಿಕರ ಆಕ್ಷೇಪ ಕರೆಯುತ್ತದೆ, ವಿಚಾರಣೆ ನಡೆಸುತ್ತದೆ. ಅಲ್ಲಿ ಹೆಚ್ಚಾಗಿ ಕೇಳಿಬರುವುದು ಉದ್ಯಮಿಗಳ, ರೈತ ಸಂಘಟನೆಗಳ ದನಿ. ಮನೆ ನಡೆಸುವ ಹೆಂಗಸರು ಅಲ್ಲಿ ಕಾಣುವುದು ಅಪರೂಪ. ಕುಷ್ಟಗಿಯಿಂದ ಕಲಬುರಗಿಗೆ ಬಸ್ಸು ಹಿಡಿದು ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ. ಹೊತ್ತಿಗೊಂದು ದರ ಮನೆಗಳಿಗೆ ಬರುವ ಮುನ್ನ ಆ ವಿಚಾರಣೆಯನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲೇ ಒಂದೊಂದು ದಿನ ನಡೆಸಬೇಕು, ಅದೂ ಮಧ್ಯಾಹ್ನದ ಹೊತ್ತಿನಲ್ಲಿ, ನೀರು ಬಿಡದ ದಿನ.